ಟ್ರೇಲ್‌ಗೆ ಮೊದಲ ಸಲ ಬರುವವರಿಗೆ: ಕೊನೆಯ ಗಾಡಿಯಿಂದ ಒಂದಿಷ್ಟು ಮಾತು

ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಕೆಸರು, ಕಲ್ಲಿನ ಕಚ್ಚಾ ದಾರಿ ಓಡಿಸುವುದಕ್ಕೆ ನಾವು ಟ್ರೇಲ್ ಅನ್ನುತ್ತೇವೆ. ನಮ್ಮ ಗುಂಪಿನಲ್ಲಿ ನಾನು ಯಾವಾಗಲೂ ಕೊನೆಯ ಗಾಡಿ. ಮುಂದಿರುವವರು ದಾರಿ ಹುಡುಕುತ್ತಾರೆ, ನಾನು ಎಲ್ಲರನ್ನೂ ನೋಡಿಕೊಂಡು ಹಿಂದೆ ಬರುತ್ತೇನೆ. ಹಗ್ಗ, ಅದನ್ನು ಗಾಡಿಗೆ ಸಿಕ್ಕಿಸುವ ಶಾಕಲ್ ಎಂಬ ಕಬ್ಬಿಣದ ಕೊಂಡಿ, ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ಸಲಿಕೆ, ಒಂದು ಚೀಲ ಟೂಲ್ಸ್, ಫ್ಲಾಸ್ಕಿನಲ್ಲಿ ಕಾಫಿ. ಎಲ್ಲವೂ ನನ್ನ ಜಿಪ್ಸಿಯ ಹಿಂಬದಿಯಲ್ಲಿ ಇರುತ್ತವೆ. ಮೂಡಿಗೆರೆ ಕಡೆ ನಮ್ಮದೊಂದು ಚಿಕ್ಕ ಕಾಫಿ ತೋಟ. ಜುಲೈ ತಿಂಗಳಲ್ಲಿ ಗೇಟಿನಿಂದ ಮನೆಗೆ ಬರುವ ದಾರಿಗೇ ಫೋರ್ ವೀಲ್ ಡ್ರೈವ್ ಬೇಕಾಗುತ್ತದೆ. ಹಾಗಾಗಿ ನನಗೆ ಇದು ಮೊದಲು ಅಗತ್ಯವಾಗಿತ್ತು, ಆಮೇಲೆ ಹವ್ಯಾಸವಾಯಿತು.

ಈಗ ಬೆಂಗಳೂರು, ಮೈಸೂರು ಕಡೆಯಿಂದ ಹೊಸ ಥಾರ್, ಜಿಮ್ನಿ ತಗೊಂಡವರು ತುಂಬಾ ಜನ ಕೇಳುತ್ತಾರೆ, "ನಾವೂ ಬರಬಹುದಾ?" ಅಂತ. ಖಂಡಿತ ಬರಬಹುದು. ಬರುವ ಮೊದಲು ಇದನ್ನು ಓದಿಕೊಂಡು ಬನ್ನಿ.

ಎಲ್ಲಿ ಓಡಿಸಬೇಕು, ಎಲ್ಲಿ ಓಡಿಸಬಾರದು

ಟ್ರೇಲ್ ಅಂದರೆ ಕಾಡಿಗೆ ನುಗ್ಗುವುದಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಉಳಿದ ಅರಣ್ಯಕ್ಕೂ ಇಲಾಖೆಯ ಅನುಮತಿ ಬೇಕು. ಕಾನೂನು ಬಿಡಿ, ಬೆಟ್ಟದ ಮೇಲಿನ ಹುಲ್ಲುಗಾವಲನ್ನೇ ನೋಡಿ. ಮಳೆಗಾಲದಲ್ಲಿ ಅಲ್ಲಿ ಒಂದು ಗಾಡಿ ಹೋದರೆ ಚಕ್ರದ ಜಾಡಿನಲ್ಲಿ ನೀರು ಹರಿಯಲು ಶುರುವಾಗುತ್ತದೆ. ಮುಂದಿನ ಮಳೆಗೆ ಅದೇ ಜಾಡು ಕೊರಕಲಾಗುತ್ತದೆ. ಕೆಳಗಿನ ಹಳ್ಳಿಗೆ ನೀರು ಕೊಡುವ ಬೆಟ್ಟ ಅದು. ಅಲ್ಲಿ ಗಾಡಿ ಹತ್ತಿಸುವವರ ಜೊತೆ ನಾವು ಹೋಗುವುದಿಲ್ಲ, ಅವರನ್ನು ಜೊತೆಗೆ ಕರೆಯುವುದೂ ಇಲ್ಲ.

ನಾವು ಓಡಿಸುವುದು ಖಾಸಗಿ ತೋಟಗಳ ಒಳದಾರಿಗಳಲ್ಲಿ, ಮಾಲೀಕರನ್ನು ಕೇಳಿ. ಸಕಲೇಶಪುರ, ಮೂಡಿಗೆರೆ ಸುತ್ತ ಬೇಕಾದಷ್ಟು ದಾರಿಗಳಿವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು ನಡೆಯುತ್ತಿರುತ್ತದೆ, ಆಗ ಯಾರ ತೋಟಕ್ಕೂ ಕೇಳಿಕೊಂಡು ಹೋಗಬೇಡಿ. ಗೇಟು ಹೇಗಿತ್ತೋ ಹಾಗೇ ಬಿಡಿ. ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆದಿರುತ್ತಾರೆ, ಮಳೆ ನೀರು ಇಂಗಲಿ ಅಂತ. ಹುಲ್ಲು ಬೆಳೆದರೆ ಕಾಣುವುದಿಲ್ಲ, ಅದಕ್ಕೆ ದಾರಿ ಬಿಟ್ಟು ಚಕ್ರ ಇಳಿಸಬೇಡಿ. ಈ ಭಾಗದಲ್ಲಿ ಆನೆ ಓಡಾಟ ಜಾಸ್ತಿ. ಬೆಳಿಗ್ಗೆಯೇ ತೋಟದ ಕೆಲಸಗಾರರನ್ನು ಕೇಳಿ, ಆನೆ ಯಾವ ಕಡೆ ಇದೆ ಅಂತ ಅವರಿಗೆ ಗೊತ್ತಿರುತ್ತದೆ. ಸಂಜೆ ಐದರೊಳಗೆ ಡಾಂಬರು ರಸ್ತೆಗೆ ಬಂದಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನೊಂದು ಸಲಹೆ. ನಿಮ್ಮ ಗಾಡಿ ತರುವ ಮೊದಲು ಒಂದು ದಿನ ಕೊಡಚಾದ್ರಿಗೆ ಹೋಗಿ. 1,343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಕೊಲ್ಲೂರು ಕಡೆಯಿಂದ, ನಿಟ್ಟೂರು ಕಡೆಯಿಂದ ಬಾಡಿಗೆ ಜೀಪುಗಳು ಹೋಗುತ್ತವೆ. ಡ್ರೈವರ್ ಪಕ್ಕದ ಸೀಟು ಕೇಳಿ ಕೂತುಕೊಳ್ಳಿ. ಹೊರಗಿನ ನೋಟ ಆಮೇಲೆ ನೋಡಿದರಾಯಿತು, ಅವರ ಕಾಲು ನೋಡಿ. ಕ್ಲಚ್ ಮೇಲೆ ಎಷ್ಟು ಕಡಿಮೆ ಕಾಲಿಡುತ್ತಾರೆ, ಕಲ್ಲು ಬರುವ ಮೊದಲೇ ಗೇರ್ ಹೇಗೆ ಇಳಿಸುತ್ತಾರೆ, ಸ್ಟೇರಿಂಗನ್ನು ಎಷ್ಟು ಸಡಿಲವಾಗಿ ಹಿಡಿದಿರುತ್ತಾರೆ. ಕೊಡಗಿನ ಮಾಂದಲಪಟ್ಟಿ ಜೀಪಿನವರೂ ಹಾಗೇ. ದಿನಾ ಅದೇ ದಾರಿಯಲ್ಲಿ ಹೊಟ್ಟೆಪಾಡಿಗೆ ಓಡಿಸುವವರು ಅವರು. ಅವರಷ್ಟು ಚೆನ್ನಾಗಿ ಕಲಿಸುವವರು ಬೇರೆ ಯಾರೂ ಇಲ್ಲ ಅಂತ ನಾನು ನಂಬಿದ್ದೇನೆ.

ಗಾಡಿಗೆ ಏನು ಬೇಕು

ಜಾಸ್ತಿ ಏನೂ ಬೇಡ. 1985ರಲ್ಲಿ ಬಂದ ಜಿಪ್ಸಿ ಇವತ್ತಿಗೂ ನಮ್ಮ ದಾರಿಗಳಲ್ಲಿ ಎಲ್ಲರ ಜೊತೆ ನಡೆಯುತ್ತದೆ, ಯಾಕೆಂದರೆ ಅದು ಹಗುರ. ಕೆಸರಲ್ಲಿ ಹಗುರ ಗಾಡಿಗೆ ಅರ್ಧ ಗೆಲುವು ಮೊದಲೇ ಸಿಕ್ಕಿರುತ್ತದೆ. ಜಿಮ್ನಿಯೂ ಹಗುರ, ನೆಲದಿಂದ 210 ಮಿಲಿಮೀಟರ್ ಎತ್ತರ. ಥಾರ್‌ನ ಎತ್ತರ 226, ಶಕ್ತಿಯೂ ಜಾಸ್ತಿ, ತೂಕವೂ ಜಾಸ್ತಿ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಲಾಕ್) ಕಂಪನಿಯಿಂದಲೇ ಬರುತ್ತದೆ. ಯಾವುದಾದರೂ ಸರಿ. ಲೋ ರೇಂಜ್ (ನಿಧಾನಕ್ಕೆ, ಜಾಸ್ತಿ ಬಲದಲ್ಲಿ ಓಡಿಸುವ ಗೇರ್) ಇರಬೇಕು, ಟೈರಿನಲ್ಲಿ ಬಟನ್ ಉಳಿದಿರಬೇಕು, ಮುಂದೆ ಹಿಂದೆ ಎಳೆಯಲು ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಕೊಂಡಿ ಇರಬೇಕು. ಈ ಮೂರನೆಯದನ್ನೇ ತುಂಬಾ ಜನ ನೋಡಿರುವುದಿಲ್ಲ. ಮನೆಯಲ್ಲೇ ಮಂಡಿಯೂರಿ ಕೂತು ಕೊಂಡಿ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ. ಕೆಸರಲ್ಲಿ ಹೊಟ್ಟೆವರೆಗೆ ಕೂತ ಗಾಡಿಯ ಕೆಳಗೆ ಹುಡುಕುವುದು ಬೇರೆಯೇ ಕಷ್ಟ.

ದೊಡ್ಡ ಬಂಪರ್, ದೀಪದ ಸಾಲು, ಎತ್ತರಿಸಿದ ಸಸ್ಪೆನ್ಷನ್ ಇವಕ್ಕೆ ಈಗಲೇ ದುಡ್ಡು ಹಾಕಬೇಡಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದಕ್ಕೆ ಕಾನೂನಿನ ಅನುಮತಿಯೂ ಇಲ್ಲ. ಅದೇ ದುಡ್ಡಿನಲ್ಲಿ ಒಳ್ಳೆಯ ಹಗ್ಗ, ಎರಡು ಶಾಕಲ್, ಪ್ರೆಶರ್ ಗೇಜ್, ಕಂಪ್ರೆಸರ್ ಬರುತ್ತವೆ.

ಫೋರ್ ವೀಲ್ ಯಾವಾಗ ಹಾಕಬೇಕು

ಮಣ್ಣಿನ ದಾರಿ ಶುರುವಾದ ಕೂಡಲೇ ಫೋರ್ ಹೈ, ಅಂದರೆ ಮಾಮೂಲಿ ಗೇರಿನಲ್ಲೇ ನಾಲ್ಕೂ ಚಕ್ರಕ್ಕೆ ಬಲ. ಸಿಕ್ಕಿಹಾಕಿಕೊಂಡ ಮೇಲೆ ಹಾಕುವುದಲ್ಲ. ಹಳೆಯ ಜೀಪು, ಜಿಪ್ಸಿಗಳಲ್ಲಿ ಮುಂದಿನ ಚಕ್ರದ ಹಬ್ ಕೈಯಲ್ಲಿ ತಿರುಗಿಸಿ ಲಾಕ್ ಮಾಡುವಂತಿದ್ದರೆ ಅದನ್ನೂ ಒಣ ನೆಲದಲ್ಲೇ ಮುಗಿಸಿ. ಕಡಿದಾದ ಏರು, ಇಳಿಜಾರು, ಬಂಡೆ, ಹಳ್ಳ ಬಂದರೆ ಗಾಡಿ ನಿಲ್ಲಿಸಿ ಫೋರ್ ಲೋಗೆ, ಅಂದರೆ ಲೋ ರೇಂಜಿಗೆ ಹಾಕಿ. ಡಾಂಬರಿಗೆ ಬಂದ ಕೂಡಲೇ ಟೂ ವೀಲ್‌ಗೆ ತನ್ನಿ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಓಡುವ ದೂರ ಬೇರೆ ಬೇರೆ. ಕೆಸರಾದರೆ ಚಕ್ರ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಒತ್ತಡವೆಲ್ಲ ಮುಂದೆ ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮೇಲೆ ಬೀಳುತ್ತದೆ.

ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುತ್ತಿದೆ, ಗಾಡಿ ಅಲ್ಲಾಡುತ್ತಿಲ್ಲ. ಹೊಸಬರಿಗೆ ಇದು ಆಶ್ಚರ್ಯ. ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್, ಲಾಕ್ ಇಲ್ಲದಿದ್ದರೆ, ಯಾವ ಚಕ್ರಕ್ಕೆ ಸುಲಭವೋ ಅದನ್ನೇ ತಿರುಗಿಸುತ್ತದೆ. ಆಗ ಆಕ್ಸಿಲರೇಟರ್ ಒತ್ತುತ್ತಾ ಹೋದರೆ ಗುಂಡಿ ಆಳವಾಗುತ್ತದೆ ಅಷ್ಟೇ. ಹಳೆಯ ಗಾಡಿಯಾದರೆ ಬಲಗಾಲಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿಕೊಂಡೇ ಎಡಗಾಲಲ್ಲಿ ಬ್ರೇಕನ್ನು ಮೆಲ್ಲಗೆ ಮುಟ್ಟಿ. ತಿರುಗುವ ಚಕ್ರ ಹಿಡಿದಂತಾಗಿ ನೆಲದಲ್ಲಿರುವ ಚಕ್ರಕ್ಕೂ ಬಲ ಸಿಗುತ್ತದೆ. ಜಿಮ್ನಿಯಂಥ ಹೊಸ ಗಾಡಿಯಲ್ಲಿ ಈ ಕೆಲಸವನ್ನು ಗಾಡಿಯೇ ಮಾಡುತ್ತದೆ, ಆದರೆ ಅದಕ್ಕೆ ಒಂದೆರಡು ಸೆಕೆಂಡು ಬೇಕು. ಹೆದರಿ ಕಾಲು ತೆಗೆಯಬೇಡಿ, ಸಮನಾಗಿ ಒತ್ತಿ ಹಿಡಿಯಿರಿ.

ಟೈರಿನ ಗಾಳಿ

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ರಸ್ತೆಯಲ್ಲಿ 28ರಿಂದ 32 ಪಿಎಸ್‌ಐ ಇರುವ ಗಾಳಿಯನ್ನು ತೋಟದ ಗೇಟಿನಲ್ಲೇ 18–20ಕ್ಕೆ ಇಳಿಸಿ. ಟೈರು ಮೆತ್ತಗಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ, ನೆಲವನ್ನು ಹಿಡಿಯುವ ಜಾಗ ಜಾಸ್ತಿಯಾಗುತ್ತದೆ. ಚೂಪು ಕಲ್ಲಿನ ಮೇಲೆ ಹರಿಯುವ ಬದಲು ಬಾಗಿ ಹತ್ತುತ್ತದೆ. ಮೈಗೂ ಕುಲುಕಾಟ ಕಡಿಮೆ. ಎಷ್ಟೋ ಸಲ ಹತ್ತದೆ ನಿಂತ ಗಾಡಿ, ಐದು ಪಿಎಸ್‌ಐ ಇಳಿಸಿದ ಮೇಲೆ ಏನೂ ಆಗೇ ಇಲ್ಲವೆಂಬಂತೆ ಹತ್ತಿದೆ. ಮರಳಿನಲ್ಲಾದರೆ ಇನ್ನೂ ಕೆಳಗೆ, 15ರ ಆಸುಪಾಸಿಗೆ ಬರುತ್ತಾರೆ. ನಮ್ಮ ಕಡೆ ಅಷ್ಟು ಬೇಡ. ಜಾಸ್ತಿ ಇಳಿಸಿ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಬಿಚ್ಚಿಕೊಳ್ಳುತ್ತದೆ. ಗಾಳಿ ಇಳಿಸಿದ ಮೇಲೆ ವೇಗ 30 ದಾಟಬಾರದು, ಸ್ಟೇರಿಂಗ್ ಎಳೆದಾಡಬಾರದು. ವಾಪಸ್ ಡಾಂಬರಿಗೆ ಬಂದು ಗಾಳಿ ತುಂಬದೆ ಊರಿಗೆ ಹೊರಡುವಂತಿಲ್ಲ. ಕಂಪ್ರೆಸರ್ ನಿಧಾನ, ಎಲ್ಲರದೂ ತುಂಬುವಷ್ಟರಲ್ಲಿ ಒಂದು ಗಂಟೆ ಆಗುತ್ತದೆ. ಆ ಒಂದು ಗಂಟೆಯಲ್ಲೇ ಸ್ನೇಹ ಗಟ್ಟಿಯಾಗುವುದನ್ನು ನಾನು ನೋಡಿದ್ದೇನೆ, ಹಾಗಾಗಿ ನನಗೆ ಅವಸರವಿಲ್ಲ.

ಸಾಲಿನಲ್ಲಿ ಹೋಗುವುದು

ಎಲ್ಲದಕ್ಕಿಂತ ಮೇಲಿನ ನಿಯಮ: ನಿಮ್ಮ ಹಿಂದಿನ ಗಾಡಿ ನಿಮ್ಮ ಜವಾಬ್ದಾರಿ. ಮುಂದಿನವರನ್ನು ಹಿಡಿಯುವ ಚಿಂತೆ ಬಿಡಿ. ಕನ್ನಡಿಯಲ್ಲಿ ಹಿಂದಿನವರು ಕಾಣಬೇಕು. ಕಾಣದಿದ್ದರೆ ನಿಧಾನ ಮಾಡಿ. ಆಗಲೂ ಕಾಣದಿದ್ದರೆ ನಿಲ್ಲಿ. ನೀವು ನಿಂತರೆ ನಿಮ್ಮ ಮುಂದಿನವರು ಕನ್ನಡಿ ನೋಡಿ ನಿಲ್ಲುತ್ತಾರೆ, ಅವರ ಮುಂದಿನವರೂ ನಿಲ್ಲುತ್ತಾರೆ. ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ಇಡೀ ಸಾಲು ತಾನಾಗೇ ನಿಲ್ಲುವುದು ಹೀಗೆ. ದಾರಿ ಕವಲಾದ ಕಡೆ ಹಿಂದಿನವರು ಬಂದು ನಿಮ್ಮನ್ನು ನೋಡುವವರೆಗೆ ಕದಲಬೇಡಿ. ತೋಟದೊಳಗೆ ಎಲ್ಲ ಕವಲೂ ಒಂದೇ ಥರ ಕಾಣುತ್ತವೆ.

ಕಷ್ಟದ ಜಾಗದಲ್ಲಿ ಒಂದು ಸಲಕ್ಕೆ ಒಂದೇ ಗಾಡಿ. ಮುಂದಿನ ಗಾಡಿ ಪೂರ್ತಿ ಹತ್ತಿದ ಮೇಲೆ ಎರಡನೆಯದು ಶುರು ಮಾಡಬೇಕು. ಅರ್ಧಕ್ಕೆ ನಿಂತ ಗಾಡಿ ವಾಪಸ್ ಜಾರಿದರೆ ಅದಕ್ಕೆ ಹಿಂದೆ ಜಾಗ ಬೇಕಲ್ವಾ.

ಹೊಸಬರನ್ನು ನಾವು ಸಾಲಿನ ಮಧ್ಯೆ ಹಾಕುತ್ತೇವೆ. ಮುಂದೆ ಒಬ್ಬರು ಅನುಭವಿ, ಹಿಂದೆ ಒಬ್ಬರು ಅನುಭವಿ. ಮುಂದಿನವರ ಚಕ್ರ ಎಲ್ಲಿ ಹೋಯಿತು ಅಂತ ನೀವು ನೋಡುತ್ತೀರಿ, ಹಿಂದಿನವರು ನಿಮ್ಮ ಚಕ್ರ ನೋಡುತ್ತಿರುತ್ತಾರೆ. ಯಾರಿಗಾದರೂ ಒಂದು ಏರು ಬೇಡ ಅನ್ನಿಸಿದರೆ ಬೇಡ ಅಂದರಾಯಿತು. ಬೇರೆ ದಾರಿ ಇದ್ದರೆ ನಾನು ಅವರ ಜೊತೆ ಆ ದಾರಿಯಲ್ಲಿ ಬರುತ್ತೇನೆ. ಇಲ್ಲದಿದ್ದರೆ ಇನ್ನೊಬ್ಬರು ಅವರ ಗಾಡಿ ಹತ್ತಿಸಿಕೊಡುತ್ತಾರೆ. ಇದಕ್ಕೆ ಯಾರಾದರೂ ನಕ್ಕರೆ ಆ ಮನುಷ್ಯನನ್ನು ಮುಂದಿನ ಸಲ ಕರೆಯುವುದಿಲ್ಲ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟು.

ಇಳಿದು ನಡೆಯಿರಿ, ಒಬ್ಬರ ಮಾತು ಕೇಳಿ

ಏನಾದರೂ ಅನುಮಾನ ಬಂದರೆ ಗಾಡಿಯಿಂದ ಇಳಿದು ನಡೆದು ನೋಡಿ. ಇಂಬಳ (ಜಿಗಣೆ) ಹತ್ತುತ್ತದೆ ನಿಜ, ಕಾಲಿಗೆ ಸುಣ್ಣವೋ ಬೇವಿನ ಎಣ್ಣೆಯೋ ಹಚ್ಚಿಕೊಂಡು ಇಳಿಯಿರಿ. ಕಲ್ಲು ಎಲ್ಲಿದೆ, ಗಾಡಿಯ ಹೌಸಿಂಗ್ (ಆಕ್ಸಲ್ಲಿನ ಮೇಲೆ ಡಿಫರೆನ್ಷಿಯಲ್ ಇರುವ ಗುಂಡನೆಯ ಭಾಗ) ಎಲ್ಲಿ ತಾಗುತ್ತದೆ ಅಂತ ಕಣ್ಣಾರೆ ನೋಡಿ. ನಿಮ್ಮ ಗಾಡಿಯಲ್ಲಿ ಹೌಸಿಂಗ್ ಯಾವ ಕಡೆಗಿದೆ ಅಂತ ಗೊತ್ತಿರಬೇಕು. ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿದರೆ ಗಾಡಿ ಎದ್ದು ಹೌಸಿಂಗ್ ಉಳಿಯುತ್ತದೆ. ಕಲ್ಲನ್ನು ಎರಡು ಚಕ್ರದ ಮಧ್ಯೆ ಬಿಟ್ಟರೆ ಹೌಸಿಂಗ್ ಹೊಡೆಯುತ್ತದೆ. ಜಾಡು ಆಳವಾಗಿದ್ದರೆ ಒಂದು ಚಕ್ರವನ್ನು ನಡುದಿಣ್ಣೆಯ ಮೇಲೆ, ಇನ್ನೊಂದನ್ನು ದರೆಯ ಬದಿಗೆ ಇಟ್ಟುಕೊಳ್ಳಿ.

ಮುಂದೆ ನಿಂತು ದಾರಿ ತೋರಿಸುವವರನ್ನು ಸ್ಪಾಟರ್ ಅನ್ನುತ್ತೇವೆ. ಸ್ಪಾಟರ್ ಒಬ್ಬರೇ ಇರಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ಕೂಗಿದರೆ ಓಡಿಸುವವರ ತಲೆ ಕೆಡುತ್ತದೆ. "ಸ್ಟಾಪ್" ಅನ್ನುವುದನ್ನು ಮಾತ್ರ ಯಾರು ಬೇಕಾದರೂ ಕೂಗಬಹುದು, ಅದಕ್ಕೆ ಯಾವಾಗಲೂ ನಿಲ್ಲಬೇಕು. ಸ್ಪಾಟರ್ "ಎಡಕ್ಕೆ, ಬಲಕ್ಕೆ" ಅನ್ನಬಾರದು. ಎದುರುಬದುರು ನಿಂತಾಗ ಯಾರ ಎಡ ಅನ್ನುವ ಗೊಂದಲ ಬರುತ್ತದೆ. ಚಕ್ರ ಯಾವ ಕಡೆ ತಿರುಗಬೇಕೋ ಆ ಕಡೆಗೆ ಕೈ ತೋರಿಸಿದರೆ ಸಾಕು. ಮುಷ್ಟಿ ಎತ್ತಿದರೆ ನಿಲ್ಲಿ. ಸ್ಪಾಟರ್ ಕಣ್ಣಿಗೆ ಕಾಣದಿದ್ದರೂ ನಿಲ್ಲಿ. ಸ್ಪಾಟರ್ ಆಗಿ ನಿಂತವರು ಗಾಡಿಗೂ ಮರಕ್ಕೂ ಮಧ್ಯೆ, ಗಾಡಿಗೂ ದರೆಗೂ ಮಧ್ಯೆ ಯಾವತ್ತೂ ನಿಲ್ಲಬಾರದು. ಇಳಿಜಾರಿನಲ್ಲಿ ಗಾಡಿಯ ನೇರ ಕೆಳಗೂ ನಿಲ್ಲಬಾರದು.

ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳು ಚಕ್ರದ ಹೊರಗಿರಲಿ. ನಮ್ಮ ತೋಟದ ಹಳೆಯ ಡ್ರೈವರಣ್ಣ ನನಗೆ ಮೊದಲು ಹೇಳಿಕೊಟ್ಟದ್ದೇ ಇದು. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಪವರ್ ಸ್ಟೇರಿಂಗ್ ಇಲ್ಲದ ಜೀಪಿನಲ್ಲಿ ಸ್ಟೇರಿಂಗ್ ರಪ್ಪನೆ ತಿರುಗುತ್ತದೆ, ಒಳಗಿದ್ದ ಹೆಬ್ಬೆರಳು ಮುರಿಯುತ್ತದೆ.

ಏರು, ಇಳಿಜಾರು, ಹಳ್ಳ

ಏರಿಗೆ ಗೇರ್ ಮೊದಲೇ ನಿರ್ಧರಿಸಿ. ಬಂಡೆಯಾದರೆ ಲೋ ಫಸ್ಟ್. ಒದ್ದೆ ಕೆಮ್ಮಣ್ಣಾದರೆ ಲೋ ಸೆಕೆಂಡ್, ಯಾಕೆಂದರೆ ಫಸ್ಟಿನಲ್ಲಿ ಚಕ್ರ ಸುಮ್ನೆ ತಿರುಗಿಬಿಡುತ್ತದೆ. ಮಧ್ಯದಲ್ಲಿ ಗೇರ್ ಬದಲಾಯಿಸಬೇಡಿ. ಹತ್ತಲಾಗದೆ ನಿಂತರೆ ಗಾಡಿಯನ್ನು ಅಡ್ಡ ತಿರುಗಿಸಲು ಹೋಗಬೇಡಿ, ಮಗುಚುವುದು ಆಗಲೇ. ಬ್ರೇಕ್ ಒತ್ತಿ ಹಿಡಿದು ರಿವರ್ಸ್ ಲೋ ಹಾಕಿ, ಕ್ಲಚ್ ಪೂರ್ತಿ ಬಿಡುತ್ತಾ ಬ್ರೇಕ್ ಸಡಿಲಿಸಿ, ಹತ್ತಿದ ಗೆರೆಯಲ್ಲೇ ನೇರವಾಗಿ ಇಳಿಯಿರಿ. ಕ್ಲಚ್ ಒತ್ತಿಕೊಂಡು ಹಿಂದಕ್ಕೆ ಉರುಳಿಸಬೇಡಿ.

ಇಳಿಯುವಾಗ ಲೋ ಫಸ್ಟ್, ಕಾಲು ಕ್ಲಚ್‌ನಿಂದ ದೂರ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹಿಂಬದಿ ಅಡ್ಡಕ್ಕೆ ಜಾರಿದರೆ ಬ್ರೇಕ್ ಬಿಟ್ಟು ಆಕ್ಸಿಲರೇಟರನ್ನು ಸ್ವಲ್ಪ ಮುಟ್ಟಿ, ಗಾಡಿ ನೇರವಾಗುತ್ತದೆ. ಕಾಲು ಇದಕ್ಕೆ ಒಪ್ಪುವುದಿಲ್ಲ, ಚಿಕ್ಕ ಇಳಿಜಾರಿನಲ್ಲಿ ಅಭ್ಯಾಸ ಮಾಡಿಸಬೇಕು.

ಹಳ್ಳವನ್ನು ಮೊದಲು ಕೋಲು ಹಿಡಿದು ದಾಟಿ ನೋಡಬೇಕು. ನೀರು ಮಂಡಿ ಮೇಲಿದ್ದು ರಭಸವಿದ್ದರೆ, ನಿಮ್ಮ ಕಾಲು ನಿಲ್ಲದಿದ್ದರೆ, ಗಾಡಿಯೂ ಬೇಡ. ಥಾರ್ 650 ಮಿಲಿಮೀಟರ್, ಗೂರ್ಖಾ 700 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಅಂತ ಕಂಪನಿ ಹೇಳುವುದನ್ನು ಹರಿಯುವ ನೀರಿಗೆ ಲೆಕ್ಕ ಹಾಕಬೇಡಿ. ಮೆಲ್ಲಗೆ ಇಳಿಯಿರಿ, ನಡಿಗೆಯ ವೇಗದಲ್ಲಿ ಒಂದೇ ಸಮನೆ ದಾಟಿ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಮುಗಿಯುತ್ತದೆ. ಇಳಿದು ಕೈ ಮಾಡಿ, ಎಳೆಯುತ್ತೇವೆ.

ಎಳೆಯುವುದು

ಜನರಿಗೆ ಪೆಟ್ಟಾಗುವುದು ಓಡಿಸುವಾಗಕ್ಕಿಂತ ಎಳೆಯುವಾಗಲೇ ಜಾಸ್ತಿ. ಅದಕ್ಕೆ ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ಮೊದಲು ಸಲಿಕೆ. ಚಕ್ರದ ಮುಂದಿನ ಮಣ್ಣು, ಹೌಸಿಂಗ್ ಕೆಳಗಿನ ಮಣ್ಣು ತೆಗೆಯಿರಿ. ಚಕ್ರದ ಕೆಳಗೆ ಕಲ್ಲು ಕೊಡಿ. ಅರ್ಧ ಗಾಡಿಗಳು ಇಷ್ಟಕ್ಕೇ ಹೊರಬರುತ್ತವೆ. ಬರದಿದ್ದರೆ ಹಗ್ಗ. ಹಿಗ್ಗದ ಪಟ್ಟಿಯಾದರೆ ಮೊದಲು ಬಿಗಿ ಮಾಡಿಕೊಂಡು ನಿಧಾನ ಎಳೆಯಬೇಕು, ಜರ್ಕ್ ಕೊಡಬಾರದು. ಜರ್ಕ್ ಕೊಟ್ಟು ಎಳೆಯುವುದಕ್ಕೆ ಹಿಗ್ಗುವ ಕೈನೆಟಿಕ್ ಹಗ್ಗವೇ ಬೇರೆ ಇದೆ. ಎರಡನ್ನೂ ಅದಲುಬದಲು ಮಾಡಬೇಡಿ. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ ಹಗ್ಗ ಹಾಕಲೇಬೇಡಿ. ಅದು ಮುರಿದರೆ ಗುಂಡೇಟಿನಂತೆ ಹಾರುತ್ತದೆ, ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ಶಾಕಲ್ ಮೇಲೆ ತೂಕ ಬರೆದಿರಬೇಕು. ನಾವು ಇಟ್ಟುಕೊಳ್ಳುವುದು 4.75 ಟನ್ನಿನದು. ಬರೆಯದಿರುವ ಹಾರ್ಡ್‌ವೇರ್ ಅಂಗಡಿ ಶಾಕಲ್ ಮನೆಯಲ್ಲೇ ಇರಲಿ.

ಹಗ್ಗ ಬಿಗಿಯಾಗುವ ಮೊದಲು ಎಲ್ಲರೂ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಹೋಗಬೇಕು. ವಿಡಿಯೊ ಮಾಡುವವರೂ ಸೇರಿ. ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ ಹಾಕಿ, ತುಂಡಾದರೆ ಅದು ಹಗ್ಗವನ್ನು ಕೆಳಗೆ ಒತ್ತುತ್ತದೆ. ಬಿಗಿಯಾದ ಹಗ್ಗವನ್ನು ಯಾರೂ ದಾಟಬಾರದು. ವಿಂಚ್ (ಗಾಡಿಗೆ ಕೂರಿಸಿದ, ಹಗ್ಗ ಸುತ್ತಿ ಎಳೆಯುವ ಯಂತ್ರ) ಇದ್ದರೆ ಮರಕ್ಕೆ ನೇರವಾಗಿ ಹಗ್ಗ ಸುತ್ತಬೇಡಿ, ಅಗಲ ಪಟ್ಟಿ ಹಾಕಿ. ಪುಲ್ಲಿ ಹಾಕಿ ಹಗ್ಗ ವಾಪಸ್ ತಂದರೆ ಎಳೆಯುವ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ನಮ್ಮ ತೋಟಗಳಲ್ಲಿ ಹತ್ತಿರ ಸಿಗುವ ಮರ ಸಿಲ್ವರ್ ಓಕ್, ಅದರ ಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಅದಕ್ಕೆ ಪಟ್ಟಿ ಕಟ್ಟಬೇಡಿ. ವರ್ಷಗಟ್ಟಲೆ ಬೆಳೆಸಿದ ಬಳ್ಳಿ ಒಂದು ಎಳೆತಕ್ಕೆ ಹೋಗುತ್ತದೆ. ಬಳ್ಳಿ ಇಲ್ಲದ ಮರ ಯಾವುದು ಅಂತ ತೋಟದವರನ್ನೇ ಕೇಳಿ.

ಎಳೆದವರಿಗೆ ದುಡ್ಡು ಕೊಡಲು ಹೋಗಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಮುಂದಿನ ಸಲ ಬೇರೆಯವರ ಗಾಡಿ ಕೂತಾಗ ನೀವು ಸಲಿಕೆ ಹಿಡಿದು ಮೊದಲು ಇಳಿಯಿರಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಅಕ್ಕಿ, ಔಷಧಿ ತುಂಬಿಕೊಂಡು ಹೋದ ಜೀಪಿನವರಿಗೆ ಸಾಲಿನಲ್ಲಿ ಹೋಗುವುದು, ಹಗ್ಗ ಹಾಕುವುದು ಮೊದಲೇ ಕೈಗೆ ಬಂದಿತ್ತು. ಇದು ಬರೀ ಆಟವಲ್ಲ ಅಂತ ನಾನು ಹೇಳುವುದು ಅದಕ್ಕೇ.

ಮಧ್ಯಾಹ್ನ, ಮತ್ತೆ ಮನೆಗೆ

ಊಟ ಒಟ್ಟಿಗೇ. ಯಾರ ತೋಟವೋ ಅವರ ಮನೆಯಿಂದ ಕಡುಬು, ಕಳಲೆ ಪಲ್ಯ ಬಂದರೆ ಅದು ನಮ್ಮ ಪುಣ್ಯ. ಬರದಿದ್ದರೆ ಎಲ್ಲರೂ ಬುತ್ತಿ ಬಿಚ್ಚಿ ಹಂಚಿಕೊಳ್ಳುತ್ತೇವೆ. ಬಿಯರ್ ತರಬೇಡಿ, ಓಡಿಸುವ ದಿನ ಕುಡಿಯುವ ಹಾಗಿಲ್ಲ. ತಂದ ಪ್ಲಾಸ್ಟಿಕ್ ವಾಪಸ್ ನಿಮ್ಮ ಗಾಡಿಯಲ್ಲೇ ಹೋಗಬೇಕು. ಚರಂಡಿಯ ಅಂಚು ಕುಸಿದಿದ್ದರೆ ಸಲಿಕೆಯಿಂದ ಸರಿಮಾಡಿ, ಗಿಡ ಮುರಿದಿದ್ದರೆ ಮಾಲೀಕರಿಗೆ ನೀವೇ ಹೋಗಿ ಹೇಳಿ ನಷ್ಟ ಕೊಡಿ.

ಮನೆ ತಲುಪಿದ ಮೇಲೆ ನಿಮ್ಮ ಹಿಂದೆ ಇದ್ದವರಿಗೆ ಒಂದು ಫೋನ್ ಮಾಡಿ. ಮರುದಿನ ಗಾಡಿಯ ಕೆಳಭಾಗ ಚೆನ್ನಾಗಿ ತೊಳೆಸಿ, ಬ್ರೇಕ್ ಡ್ರಮ್ಮಿನ ಒಳಗಿನ ಕೆಸರೂ ಹೋಗಬೇಕು. ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಹಳ್ಳ ದಾಟಿದ್ದರೆ ಡಿಫರೆನ್ಷಿಯಲ್‌ನ ಆಯಿಲ್ ಸ್ವಲ್ಪ ತೆಗೆದು ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಅಂತ ಅರ್ಥ, ಅದೇ ವಾರ ಬದಲಾಯಿಸಿ.